ಕಡಲ ದಂಡೆಯ ಕಲ್ಲಿಗೆ ಇಟ್ಟ ಎಡೆ

ಆ ಕಲ್ಲಿನ ವಿಷಯವನ್ನು ಅಪ್ಪನ ಕಿವಿಗೆ ಹಾಕಿದವಳು ನಾನೇ. ಹಾಕಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಹಾಕಿದ್ದೇ ಒಳ್ಳೆಯದಾಯಿತು ಎಂದೂ ಅಷ್ಟೇ ಸಲ ಅನ್ನಿಸಿದೆ.

ಮಳವಳ್ಳಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟು ರಿಟೈರ್ ಆದ ಮೇಲೆ, ಜೊತೆಯಲ್ಲಿ ಕೆಲಸ ಮಾಡಿದ ನಾಲ್ಕೈದು ಜನ ಟೀಚರುಗಳು ಸೇರಿಕೊಂಡು ಮದರಾಸು ನೋಡಲು ಹೋಗಿದ್ದೆವು. ಅವರೆಲ್ಲ ಸೀರೆ ಅಂಗಡಿಯಲ್ಲಿ ಕೂತರೆ ಏಳುವವರಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂರನೇ ಅಂಗಡಿಯ ಹೊತ್ತಿಗೆ ಸಾಕಾಗಿ, ಒಬ್ಬಳೇ ಆಟೋ ಹಿಡಿದು ಸಮುದ್ರದ ಕಡೆ ಹೊರಟೆ. ಬಂದರಿಗೆ ಹತ್ತಿರ, ರಸ್ತೆಗೂ ಮರಳಿಗೂ ನಡುವೆ ಆ ಕಲ್ಲು ಕಂಡಿತು. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ದೊಡ್ಡ ಸ್ಮಾರಕವಲ್ಲ ಅದು. ಸುತ್ತ ಕಬ್ಬಿಣದ ಸರಪಳಿ, ನಡುವೆ ಮೂರು ಮೆಟ್ಟಿಲಿನ ಕಟ್ಟೆ, ಕಟ್ಟೆಯ ಮೇಲೆ ಆಳೆತ್ತರದ ಕರಿಯ ಕಲ್ಲು. ಈ ಬಂದರಿನಲ್ಲಿ ಹಡಗು ಹತ್ತಿ ಯುದ್ಧಕ್ಕೆ ಹೋಗಿ ಅಲ್ಲೇ ಮಡಿದ ಸಿಪಾಯಿಗಳ ನೆನಪಿಗೆ ಎಂಬರ್ಥದ ಎರಡು ಸಾಲು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇದ್ದವು. ಯಾರ ಹೆಸರೂ ಇರಲಿಲ್ಲ.

ನನ್ನ ತಾತ ಆ ಬಂದರಿನಲ್ಲೇ ಹಡಗು ಹತ್ತಿದವನು. ಅಪ್ಪನ ಅಪ್ಪ. ಎರಡನೇ ಮಹಾಯುದ್ಧದ ಕಾಲ. ಅಪ್ಪ ಆಗ ಮೂರು ತಿಂಗಳ ಕೂಸು. ಕೊತ್ತತ್ತಿಯ ಹತ್ತಿರದ ನಮ್ಮೂರಿನಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಹೋದ ತಾತ, ಗಾಡಿಯನ್ನು ಊರಿನವರ ಕೈಗೆ ಕೊಟ್ಟು, ಅಲ್ಲಿಂದ ಬೆಂಗಳೂರಿಗೆ ಹೋಗಿ ಪಟಾಲಮ್ಮಿಗೆ ಸೇರಿಬಿಟ್ಟ. ಯಾಕೆ ಸೇರಿದ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಣ್ಣನ ಜೊತೆ ಜಗಳವಾಗಿತ್ತು ಎನ್ನುವವರೂ ಇದ್ದರು, ಹಡಗು ನೋಡುವ ಆಸೆಯಿತ್ತು ಎನ್ನುವವರೂ ಇದ್ದರು. ಆಮೇಲೆ ಮದರಾಸಿನಿಂದ ಒಂದು ಕಾರ್ಡು ಬಂತು. ನಾಳೆ ಹಡಗು ಹತ್ತುತ್ತೇವೆ, ಯಾವ ದೇಶಕ್ಕೆ ಅಂತ ಹೇಳಿಲ್ಲ, ಮಗು ಜೋಪಾನ ಎಂದು ಬೇರೆ ಯಾರದೋ ಕೈಬರಹದಲ್ಲಿ ಇತ್ತು. ಊರಿಗೆ ಗೊತ್ತಿದ್ದದ್ದು ಅಷ್ಟೇ. ಅವನು ಸತ್ತ ಎಂದು ಯಾರೂ ಹೇಳಲಿಲ್ಲ, ಬರುತ್ತಾನೆ ಎಂದೂ ಹೇಳಲಿಲ್ಲ.

ಆದರೆ ಅಜ್ಜಿ ಹೇಳುತ್ತಿದ್ದಳು. "ಬತ್ತಾರೆ" ಎನ್ನುತ್ತಿದ್ದಳು. ಹಣೆಯ ತುಂಬ ಕಾಸಿನಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಅರವತ್ತು ದಾಟಿದ ಮೇಲೂ ಬಳೆಗಾರ ಊರಿಗೆ ಬಂದರೆ ಮೊದಲು ಕೈ ಚಾಚುತ್ತಿದ್ದವಳು ಅವಳೇ. ಹಾಗೆಯೇ ಸತ್ತಳು. ಮುತ್ತೈದೆಗೆ ಮಾಡಬೇಕಾದ ಹಾಗೆ ಅರಿಸಿನ ಹಚ್ಚಿ, ಹೂವು ಮುಡಿಸಿ, ಮಡಿಲು ತುಂಬಿ ಕಳಿಸಿಕೊಟ್ಟೆವು.

ತೊಡಕು ಬಂದದ್ದು ಆಮೇಲೆ, ಮಾರ್ಲಮಿಯಲ್ಲಿ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟವಾದದ್ದು ಆ ಎಲೆಯ ಮೇಲೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುತ್ತೇವೆ. ಮನೆಯ ಹಿರಿಯ ಹೊಸಿಲಿನ ಮೇಲೆ ನಿಂತು ಸತ್ತವರನ್ನು ಊಟಕ್ಕೆ ಕರೆಯುತ್ತಾನೆ. ಆಮೇಲೆ ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಉಣ್ಣುವುದನ್ನು ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಸದ್ದು ಮಾಡಿ ಒಳಗೆ ಹೋಗುತ್ತೇವೆ. ಮುತ್ತೈದೆಯಾಗಿ ಹೋದವಳಾದರೆ ಎಲೆಯ ಪಕ್ಕ ಬಳೆ, ಅರಿಸಿನ, ಕುಂಕುಮ, ಹೂವು ಇಡಬೇಕು. ಅಜ್ಜಿ ಸತ್ತ ವರ್ಷ ಅಪ್ಪ ಅವಳ ಎಲೆಯ ಜೊತೆ ತನ್ನ ಅಪ್ಪನಿಗೂ ಒಂದು ಎಲೆ ಹಾಕಲು ಹೋದ. ಇನ್ನು ಕಾಯುವವರು ಯಾರೂ ಇಲ್ಲ, ಈಗಲಾದರೂ ಅವನಿಗೆ ಒಂದು ತುತ್ತು ಸಿಗಲಿ ಎಂದು. ಆಗ ನಮ್ಮ ದಾಯಾದಿಗಳ ಪೈಕಿ ಹಿರಿಯನೊಬ್ಬ ಕೈ ಹಿಡಿದು ನಿಲ್ಲಿಸಿದ.

"ಇಕ್ಕೋದಾದ್ರೆ ಇಕ್ಕಪ್ಪ, ಯಾರ್ ಬ್ಯಾಡ ಅಂದಾರು. ಆದ್ರೆ ಎಲೆ ಇಕ್ಕುದ್ ಮ್ಯಾಲೆ ಅವ್ನು ಪಟಾಲಮ್ಮಲ್ಲೇ ಸತ್ತ ಅಂತ ಆಯ್ತು. ಆವಾಗ ನಿಮ್ಮವ್ವುನ್ ಎಲೆ ತಾವ ಬಳೆ ಕುಂಕ್ಮ ಬರಕ್ಕಿಲ್ಲ."

ಅಪ್ಪ ಕೈಯಲ್ಲಿದ್ದ ಬಾಳೆಲೆಯನ್ನು ಸುರುಳಿ ಸುತ್ತಿ ಮೂಲೆಗೆ ಇಟ್ಟ. ತಾತ ಸತ್ತದ್ದು ಯುದ್ಧದಲ್ಲಿ ಎಂದು ಒಪ್ಪಿದರೆ, ಅಜ್ಜಿ ಐವತ್ತು ವರ್ಷ ವಿಧವೆಯಾಗಿದ್ದುಕೊಂಡು ಕುಂಕುಮ ಇಟ್ಟಳು ಎಂದು ಒಪ್ಪಿದ ಹಾಗೆ. ಜೀವಮಾನವಿಡೀ ಅವಳು ಕಾಪಾಡಿಕೊಂಡ ಕುಂಕುಮವನ್ನು ಸತ್ತ ಮೇಲೆ ಅಳಿಸಲು ಅಪ್ಪನ ಕೈ ಏಳಲಿಲ್ಲ. ಹಾಗಾಗಿ ಪ್ರತಿ ವರ್ಷ ನಮ್ಮ ಮನೆಯಲ್ಲಿ ಅಜ್ಜಿ ಬಳೆ ಹೂವಿನೊಂದಿಗೆ ಉಂಡಳು, ತಾತ ಉಪವಾಸ ಉಳಿದ.

ಇದೆಲ್ಲ ತಲೆಯಲ್ಲಿ ಇದ್ದುಕೊಂಡೇ ನಾನು ಊರಿಗೆ ಹೋದಾಗ ಆ ಕಲ್ಲಿನ ವಿಷಯ ಹೇಳಿದ್ದೆ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಎಂಬತ್ತು ದಾಟಿದ ಅಪ್ಪ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಎಸ್ರಿಲ್ವಾ?" ಎಂದ. ಇಲ್ಲ ಎಂದೆ. ಮೊಬೈಲನ್ನು ಹಿಂದಕ್ಕೆ ಕೊಟ್ಟ. ನಾನು ಮಂಡ್ಯದ ನನ್ನ ಮನೆಗೆ ಬಂದ ನಾಲ್ಕನೇ ದಿನಕ್ಕೆ ಫೋನ್ ಬಂತು.

"ಆ ಕಲ್ಲು ಒಳ್ಗೈತಾ, ಈಚ್ಗೈತಾ?"

"ಈಚೆಗೇ ಕಣಪ್ಪ. ಸಮುದ್ರದ ದಂಡೇಲಿ."

"ನಮ್ಮೂರಿಂದ ಎಸ್ಟ್ ದೂರ ಆಯ್ತದೆ?"

"ಒಂದು ರಾತ್ರಿ ರೈಲು."

"ಅಸ್ಟ್ ದೂರ ಇದ್ರೆ ಸಾಕು ಬುಡು."

ಏನಕ್ಕೆ ಸಾಕು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಮರುದಿನ ಬೆಳಗ್ಗೆ ಬಸ್ಸು ಹತ್ತಿ ಅವನೇ ಬಂದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಯೋಜನೆಯನ್ನು ಬಿಚ್ಚಿದ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಪ್ರಮೇಯವನ್ನು ಸಾಧಿಸುವವರ ಹಾಗೆ ಹಂತಹಂತವಾಗಿ ಹೇಳಿದ.

"ಮನೇಲಿ ಇಕ್ಕುದ್ರೆ ತಾನೆ ಅವ್ವುನ್ಗೆ ಗೊತ್ತಾಗದು? ಅಲ್ಲೋಗಿ ಇಕ್ಬುಟ್ಟು ಬಂದ್ರೆ ಅವಳ್ಗೆಂಗ್ ಗೊತ್ತಾದದು?"

"ಅಜ್ಜಿ ಸತ್ತು ಮೂವತ್ತನಾಕು ವರ್ಷ ಆಯ್ತಲ್ಲಪ್ಪ."

"ಅದ್ಕೇ ಕಣವ್ವ ನಾನೇಳೋದು. ಬದುಕಿದ್ದಾಗ ಊರಾಚೆ ಏನ್ ನಡೆದ್ರೂ ಅವಳ್ಗೆ ಗೊತ್ತಾಯ್ತಿರ್ನಿಲ್ಲ. ಈಗೇನು, ಬಸ್ ಚಾರ್ಜೂ ಇಲ್ಲ, ಎಲ್ಲೆಲ್ಲಿಗೋ ಓಯ್ತಾಳೆ."

ಅದಕ್ಕೂ ಅವನು ಉಪಾಯ ಯೋಚಿಸಿದ್ದ. ಅಮಾವಾಸ್ಯೆಯ ದಿನ ಊರಿನ ಮನೆಯಲ್ಲಿ ನನ್ನ ತಮ್ಮ ಅಜ್ಜಿಗೆ ಎಡೆ ಇಡುವುದು. ಬಾಗಿಲು ಹಾಕಿದ ತಕ್ಷಣ ನನಗೆ ಒಂದು ಮಿಸ್ ಕಾಲ್ ಕೊಡುವುದು. ಅಜ್ಜಿ ಒಳಗೆ ಉಣ್ಣುತ್ತ ಕೂತಿರುವಾಗ ನಾವು ಇತ್ತ ಕಡಲ ದಂಡೆಯಲ್ಲಿ ತಾತನಿಗೆ ಎಡೆ ಇಟ್ಟುಬಿಡುವುದು. ಅವಳ ಊಟ ಮುಗಿದು ತಮ್ಮ ಬಾಗಿಲು ತಟ್ಟುವಾಗ ಇನ್ನೊಂದು ಮಿಸ್ ಕಾಲ್. ಅಷ್ಟರೊಳಗೆ ನಾವು ಎಲೆ ಎತ್ತಿಬಿಡಬೇಕು. ಮನೆಯಲ್ಲಿ ಅವನು ಬದುಕಿದ್ದ ಹಾಗೇ ಇರಲಿ, ಅವ್ವನ ಬಳೆ ಕುಂಕುಮಕ್ಕೆ ಏನೂ ಆಗುವುದು ಬೇಡ, ಆ ಕಲ್ಲಿನ ಹತ್ತಿರ ಮಾತ್ರ ಸತ್ತವನಾಗಲಿ ಎಂಬುದು ಅವನ ಲೆಕ್ಕ.

"ನಾ ಕಣ್ ಮುಚ್ಚೋದ್ರೊಳ್ಗೆ ಒಂದ್ ದಪನಾದ್ರೂ ಅವ್ನ್ಗೆ ಅನ್ನ ಇಕ್ಬೇಕು ಕಣವ್ವ. ನಾನೋದ್ ಮ್ಯಾಲೆ ಅವ್ನ್ ಯಾರ್ ಕೇಳಾರು? ನಿನ್ ತಮ್ಮುನ್ಗೆ ಅವನು ತಾತ. ಅವನ್ ಮಕ್ಕಳ್ಗೆ ಅದೂ ಇಲ್ಲ."

ತಮ್ಮನಿಗೆ ಹೇಳಿದಾಗ ಅವನು ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ. ಸಲಿಕೆ ಊರಿಕೊಂಡು ಪೂರ್ತಿ ಕೇಳಿಸಿಕೊಂಡು, "ನಿಮ್ಮಿಬ್ಬರ್ಗೂ ತಲೆ ಕೆಟ್ಟೈತೆ. ಆಯ್ತು, ಕಾಲ್ ಕೊಡ್ತೀನಿ ಓಗಿ" ಎಂದ. ಅವನು ಹಾಗೆಯೇ. ಬಯ್ದುಕೊಂಡೇ ಎಲ್ಲ ಕೆಲಸವನ್ನೂ ಮಾಡಿಕೊಡುತ್ತಾನೆ.

ಅಪ್ಪನ ಎದುರಿಗೆ ನಾನು ನಗಲಿಲ್ಲ. ನಗು ಬರಲಿಲ್ಲ ಎನ್ನುವುದೇ ಸರಿ. ಯಾಕೆಂದರೆ ಅಪ್ಪ ಅಷ್ಟು ಕಷ್ಟಪಟ್ಟು ಯಾರಿಂದ ಮುಚ್ಚಿಡಲು ಹೊರಟಿದ್ದನೋ ಆ ಅಜ್ಜಿಗೆ ಎಲ್ಲವೂ ಗೊತ್ತಿತ್ತು. ಅಪ್ಪ ಅಂಬೆಗಾಲಿಡುವ ಕಾಲದಿಂದಲೂ ಗೊತ್ತಿತ್ತು. ಮತ್ತು ಅವಳಿಗೆ ಗೊತ್ತಿತ್ತು ಎಂಬುದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಮೊದಲ ಬಾಣಂತನದಲ್ಲಿ ಹೇಳಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ನನ್ನ ಮಗನನ್ನು ಬೋರಲು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಳು. ನಾನು ಬಿಸಿನೀರು ಬೆರೆಸುತ್ತ ಕೂತಿದ್ದೆ. ಮಗುವಿನ ಬೆನ್ನಿನ ಮೇಲಿದ್ದ ಕಣ್ಣನ್ನು ಎತ್ತದೆಯೇ ಶುರು ಮಾಡಿದಳು.

"ನಿಮ್ ತಾತ ಬರಕ್ಕಿಲ್ಲ ಕಣವ್ವ. ನಿಮ್ಮಪ್ಪ ಅಂಬೆಗಾಲಿಕ್ಕೋವಾಗ್ಲೇ ಕಾಗ್ದ ಬಂದಿತ್ತು."

ಕಾಲುವೆ ಪಕ್ಕದ ಗದ್ದೆಯಲ್ಲಿ ಒಬ್ಬಳೇ ಕಳೆ ಕೀಳುತ್ತಿದ್ದಾಗ ಟಪಾಲಿನವನು ಬಂದನಂತೆ. ಏರಿಯ ಮೇಲೆ ನಿಂತು ಓದಿದನಂತೆ. ಇವಳು ಕೆಸರಿನಿಂದ ಮೇಲೆ ಬರಲಿಲ್ಲವಂತೆ, ಅಲ್ಲೇ ನಿಂತು ಕೇಳಿದಳಂತೆ. ಓದಿ ಮುಗಿದ ಮೇಲೆ ಕೈ ತೊಳೆದುಕೊಂಡು ಕಾಗದ ಇಸಿದುಕೊಂಡು, ಇದು ಬಂದದ್ದನ್ನು ಯಾರಿಗೂ ಹೇಳಕೂಡದು ಎಂದು ತನ್ನ ಮಗುವಿನ ಮೇಲೆ ಅವನ ಕೈಲಿ ಆಣೆ ಮಾಡಿಸಿದಳಂತೆ. ಸಂಜೆ ಮನೆಯವರಿಗೆಲ್ಲ ನೀರು ಕಾಯಿಸುವಾಗ ಕಾಗದವನ್ನು ಒಲೆಗೆ ಹಾಕಿದಳು. ವಿಧವೆ ಎಂದರೆ ಏನಾದರೂ ಪಿಂಚಣಿ ಬರುತ್ತಿತ್ತೋ ಏನೋ, ಅದನ್ನೂ ಅದೇ ಒಲೆಗೆ ಹಾಕಿದ ಹಾಗಾಯಿತು.

"ಯಾಕಜ್ಜಿ?" ಎಂದು ಕೇಳಿದ್ದೆ. ಬಿ.ಎಡ್. ಓದಿದವಳು ನಾನು. ಅಷ್ಟೂ ಹೊಳೆದಿರಲಿಲ್ಲ.

"ನನ್ಗಾಗ ಅತ್ತೊಂಬತ್ತೋ ಇಪ್ಪತ್ತೋ. ಬಳೆ ಒಡುದ್ರೆ ವರ್ಸ ತುಂಬೋದ್ರೊಳ್ಗೆ ಇನ್ನೊಬ್ಬುನ್ಗೆ ಕೂಡ್ಕೆ ಮಾಡಿ ಕಳಿಸ್ಬುಡೋರು. ನಮ್ಮಪ್ಪನೇ ಮುಂದ್ ನಿಂತ್ಕಂಡು ಮಾಡೋನು. ಮಗೀನ ನನ್ ಜೊತೇಲಿ ಕಳಿಸೋರಾ? ವಂಸದ್ ಕುಡಿ ಅಂತ ಇಲ್ಲೇ ಇಟ್ಕಳೋರು. ಗಂಡ ಬದುಕವ್ನೆ ಅನ್ನೋಗಂಟ ನನ್ ಬಳೆ ಯಾರ್ ಮುಟ್ಟಾರು?"

ಮಗುವನ್ನು ಮಗುಚಿ ಹಾಕಿ, ಎದೆಗೆ ಎಣ್ಣೆ ಸವರುತ್ತ ಮುಂದುವರಿಸಿದಳು. "ನಿಮ್ಮಪ್ಪುನ್ಗೆ ಏಳ್ಬ್ಯಾಡ. ಅಪ್ಪ ಬತ್ತಾನೆ ಅನ್ಕಂಡೇ ಬೆಳ್ದವ್ನೆ."

ಮುಂದಿನ ಬೇಸಿಗೆಗೆ ಅವಳು ಹೋದಳು. ಆ ಗುಟ್ಟನ್ನು ನನ್ನ ಮಡಿಲಿಗೆ ಹಾಕಿ ತಾನು ಹಗುರಾಗಿ ಹೋದಳಲ್ಲ ಎಂದು ನನಗೆ ಅಜ್ಜಿಯ ಮೇಲೆ ಎಷ್ಟೋ ವರ್ಷ ಸಿಟ್ಟಿತ್ತು. ಅಪ್ಪನಿಗೆ ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ ಲೆಕ್ಕವಿಲ್ಲ. ಹೇಳಿದರೆ, ತನ್ನ ತಾಯಿ ಗೊತ್ತಿದ್ದೇ ಸುಳ್ಳು ಕುಂಕುಮ ಇಟ್ಟುಕೊಂಡು ಬದುಕಿದಳು, ಅದೂ ತನ್ನನ್ನು ಬಿಟ್ಟು ಹೋಗಲಾರದೆ, ಎಂಬ ಭಾರ ಅವನ ತಲೆಯ ಮೇಲೆ ಬೀಳುತ್ತದೆ. ಹೇಳದಿದ್ದರೆ ತನ್ನ ಅಪ್ಪನಿಗೆ ಒಂದು ಎಲೆ ಹಾಕದೆಯೇ ಅವನು ಕಣ್ಣು ಮುಚ್ಚುತ್ತಾನೆ. ಪ್ರತಿ ಮಾರ್ಲಮಿಯಲ್ಲೂ ಬಳೆ ಜೋಡಿಸುವ ಅಪ್ಪನ ಕೈ ನೋಡುತ್ತ, ಈ ವರ್ಷ ಬೇಡ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ಎಲೆಯೇನೋ ಬೀಳುತ್ತದೆ. ಆದರೆ ಈ ಮುದಿ ವಯಸ್ಸಿನಲ್ಲಿ ಅವನು ತಾಯಿಗೆ ಹೆದರಿಕೊಂಡು, ಕದ್ದು, ಒಂದು ರಾತ್ರಿಯ ದೂರಕ್ಕೆ ಹೋಗಿ ಹಾಕಬೇಕು. ಹೇಳುವುದಾದರೆ ಈಗಲೇ ಹೇಳಬೇಕು, ಇಲ್ಲವಾದರೆ ಎಂದೂ ಇಲ್ಲ ಎನ್ನಿಸಿತು. ರೈಲಿಗೆ ಟಿಕೆಟ್ ಮಾಡಿಸುವಾಗಲೂ ನನಗೆ ತೀರ್ಮಾನವಾಗಿರಲಿಲ್ಲ.

ಹೊರಡುವ ದಿನ ಮಂಡ್ಯದ ಮನೆಯಲ್ಲೇ ಅಡಿಗೆ ಮಾಡಿದೆ. ಮುದ್ದೆ, ಕೋಳಿ ಹುರಿದದ್ದು, ಕಜ್ಜಾಯ, ವಡೆ. ಸಾರು ಮಾಡಿದರೆ ದಾರಿಯಲ್ಲಿ ಹಳಸುತ್ತದೆ ಎಂದು ಬಿಟ್ಟೆ. ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅವ್ನ್ಗೇನ್ ಇಸ್ಟ ಅಂತ್ಲೇ ಗೊತ್ತಿಲ್ವಲ್ಲವ್ವ. ಎಲ್ರ ಎಲೇಗೂ ಅವರವರ್ ಇಸ್ಟದ್ದು ಬೀಳ್ತದೆ. ಇವ್ನ್ಗೆ ಏನಂತ ಇಕ್ಕಾನ?"

ಅವನು ಬೀದಿಗೆ ಹೋದ ಮೇಲೆ ನಾನು ಡಬ್ಬದಿಂದ ಒಣಸೀಗಡಿ ತೆಗೆದೆ. ಹಿಂದಿನ ದಿನ ಸಂತೆಯಲ್ಲಿ ತಂದಿದ್ದೆ. ನಮ್ಮ ಊರಿನ ಮನೆಯಲ್ಲಿ ಒಣಸೀಗಡಿ ಮಾಡುವುದಿಲ್ಲ. ಅಜ್ಜಿಗೆ ಆ ವಾಸನೆ ಆಗುತ್ತಿರಲಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ವಾಸನೆಯ ಮಾತಲ್ಲ ಅದು. "ಅವ್ರ್ಗೆ ಒಣಸೀಗ್ಡಿ ಅಂದ್ರೆ ಪ್ರಾಣ. ಕಾಗ್ದ ಬಂದ್ ಮ್ಯಾಲೆ ನಾನದ ಉರೀನಿಲ್ಲ" ಎಂದು ಅವತ್ತು ಬಚ್ಚಲಲ್ಲಿ ಹೇಳಿದ್ದಳು. ಬಾಣಲೆಗೆ ಹಾಕಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಹುರಿದು, ಸಣ್ಣ ಡಬ್ಬಿಗೆ ತುಂಬಿ ಎಲ್ಲದರ ಕೆಳಗೆ ಇಟ್ಟೆ. ಅಪ್ಪ ಕೇಳಲಿ ಎಂದೇ ಮಾಡಿದೆನೋ, ತಾತ ಉಣ್ಣಲಿ ಎಂದು ಮಾಡಿದೆನೋ ಗೊತ್ತಿಲ್ಲ. ಎರಡೂ ಇರಬೇಕು. ನಾನಾಗಿಯೇ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ.

ಬೆಳಗ್ಗೆ ಮದರಾಸಿನಲ್ಲಿ ಇಳಿದು, ಮುಖ ತೊಳೆದು, ಇಡ್ಲಿ ತಿಂದು ಸಮುದ್ರಕ್ಕೆ ಹೋದರೆ ಅಲ್ಲಿ ಜನವೋ ಜನ. ಅಮಾವಾಸ್ಯೆಯಲ್ಲವೇ. ಒದ್ದೆ ಪಂಚೆಯ ಗಂಡಸರು ಎಳ್ಳು ನೀರು ಬಿಡುತ್ತಿದ್ದರು. ಅಪ್ಪನಿಗೆ ಅದು ಸಮಾಧಾನ ತಂದಿತು. "ಎಲ್ರೂ ಇದೇ ಕೆಲ್ಸಕ್ಕೆ ಬಂದವ್ರೆ" ಎಂದ. ಸಮುದ್ರವನ್ನು ಅವನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ನಿಂತು ನೋಡಿದ. ನಮ್ಮೂರಿನ ಕೆರೆಕಟ್ಟೆಯ ನೀರನ್ನು ನೋಡುವ ಹಾಗೆ, ಎಷ್ಟು ಎಕರೆಗೆ ಆದೀತು ಎಂದು ಲೆಕ್ಕ ಹಾಕುವವನ ಹಾಗೆ ನೋಡಿದ. "ಇಸ್ಟೊಂದ್ ನೀರು, ಒಂದ್ ಗದ್ದೇಗೂ ಆಗಕ್ಕಿಲ್ಲ" ಎಂದು ಕಲ್ಲಿನ ಕಡೆ ತಿರುಗಿದ.

ಕಲ್ಲಿನ ಹತ್ತಿರ ಕಾವಲಿನವನೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ. ನಮ್ಮ ಕೈಯಲ್ಲಿದ್ದ ಬಾಳೆಲೆ, ಡಬ್ಬಿಗಳನ್ನು ನೋಡಿ ಎದ್ದ. ನನ್ನ ಹರಕುಮುರುಕು ತಮಿಳಿನಲ್ಲಿ ಇವರ ಅಪ್ಪ, ಇಲ್ಲಿಂದ ಹಡಗು, ಪಟಾಲಮ್ಮು ಎಂದು ಏನೇನೋ ಜೋಡಿಸಿದೆ. ಅವನು ಅಪ್ಪನ ವಯಸ್ಸನ್ನು ನೋಡಿದ, ಕಲ್ಲನ್ನು ನೋಡಿದ. ಕಟ್ಟೆಯ ಮೇಲೆ ಅನ್ನ ಇಡುವಂತಿಲ್ಲ, ಸರಪಳಿಯ ಈಚೆಗೆ ಇಟ್ಟುಕೊಳ್ಳಿ ಎಂದು ಕೈಸನ್ನೆಯಲ್ಲಿ ತೋರಿಸಿ, ತನ್ನ ಸ್ಟೂಲನ್ನು ಎತ್ತಿಕೊಂಡು ಮರದ ನೆರಳಿಗೆ ಹೋದ. ಒಳ್ಳೆಯ ಮನುಷ್ಯ.

ಕಾದು ಕೂತೆವು. ಬಿಸಿಲು ಏರಿತು. ಹನ್ನೆರಡೂವರೆಗೆ ಫೋನು ಎರಡು ಸಲ ಗುರುಗುಟ್ಟಿ ನಿಂತಿತು.

"ಬಾಗ್ಲಾಕುದ್ರಾ?" ಎಂದು ಅಪ್ಪ ಎದ್ದು ನಿಂತ. ನಾವು ಗಡಿಬಿಡಿಯಲ್ಲಿ ಎಲೆ ಹಾಸಿದೆವು. ಗಾಳಿಗೆ ಎಲೆ ಹಾರದಂತೆ ಅಪ್ಪ ನಾಲ್ಕು ಮೂಲೆಗೂ ಕಲ್ಲು ಇಟ್ಟ. ಮುದ್ದೆ, ಕೋಳಿ, ವಡೆ, ಕಜ್ಜಾಯ ಬಡಿಸಿದೆ. ಕೊನೆಗೆ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಸೀಗಡಿ ಬಡಿಸಿದೆ. ಅಪ್ಪ ಒಂದು ಕ್ಷಣ ಅದನ್ನೇ ನೋಡಿದ. ಹೊತ್ತು ಮೀರುತ್ತದೆ ಎಂದು ಆತುರದಲ್ಲಿ ಊದುಕಡ್ಡಿಗೆ ಕೈ ಹಾಕಿದ. ಅದು ಮೂರನೇ ಬೆಂಕಿಕಡ್ಡಿಗೆ ಹತ್ತಿತು. ಹೊಸ ಪಂಚೆಯನ್ನು ಎಲೆಯ ಪಕ್ಕ ಇಟ್ಟು ಕೈ ಮುಗಿದ.

ಈಗ ಕರೆಯಬೇಕು. ಮನೆಯಲ್ಲಾದರೆ ಹೊಸಿಲ ಮೇಲೆ ನಿಂತು "ಅವ್ವ, ಬಾ, ಉಣ್ಣು ಬಾ" ಎಂದು ಗಟ್ಟಿಯಾಗಿ ಕರೆಯುತ್ತಿದ್ದ. ಇಲ್ಲಿ ಹೊಸಿಲಿಲ್ಲ. ಕಲ್ಲಿಗೆ ಮುಖ ಮಾಡಿದ, ಸಮುದ್ರಕ್ಕೆ ಮುಖ ಮಾಡಿದ, ಮತ್ತೆ ಕಲ್ಲಿಗೆ. "ಅಪ್ಪ" ಎಂದ, ಪಕ್ಕದಲ್ಲಿ ನಿಂತ ನನಗಷ್ಟೇ ಕೇಳುವ ಹಾಗೆ. "ಉಣ್ಣು ಬಾರಪ್ಪ." ಅವನು ತನ್ನ ಅಪ್ಪನನ್ನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲು. ನನಗೆ ಅಳು ಬಂತು, ಸೆರಗಿನಿಂದ ಮೂಗು ಒರೆಸಿಕೊಂಡೆ.

ಹಾಕಿಕೊಳ್ಳಲು ಬಾಗಿಲೂ ಇರಲಿಲ್ಲ. ಅದನ್ನು ನಾವಿಬ್ಬರೂ ಮೊದಲು ಯೋಚಿಸಿರಲಿಲ್ಲ. ಅಪ್ಪನೇ ದಾರಿ ಕಂಡುಕೊಂಡ. "ತಿರಿಕ್ಕೊ" ಎಂದ. ಎಲೆಗೆ ಬೆನ್ನು ಮಾಡಿ, ಸಮುದ್ರದ ಕಡೆ ಮುಖ ಹಾಕಿ ಇಬ್ಬರೂ ಅಕ್ಕಪಕ್ಕ ನಿಂತೆವು. ದೂರದಲ್ಲಿ ಒಂದು ಹಡಗು ನಿಂತಿತ್ತು, ಚಲಿಸುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಸೀಗ್ಡಿ ಯಾಕ್ ತಂದೆ?" ಎಂದ ಅಪ್ಪ, ಮುಖ ತಿರುಗಿಸದೆ.

"ತಾತುನ್ಗೆ ಇಷ್ಟ ಇತ್ತಂತೆ."

"ಯಾರ್ ಏಳಿದ್ರು?"

"ಅಜ್ಜಿ."

"ಯಾವಾಗ?"

"ನನ್ನ ದೊಡ್ಡ ಮಗನ ಬಾಣಂತನದಲ್ಲಿ."

"ನಂಗೆ ಒಂದಿನಾನೂ ಏಳ್ನಿಲ್ಲ" ಎಂದ. ಆಮೇಲೆ, "ಇನ್ನೇನ್ ಏಳುದ್ಲು?" ಎಂದ.

ತರಗತಿಯಲ್ಲಿ ನಾನು ಎಷ್ಟೋ ಮಕ್ಕಳನ್ನು ಇದೇ ಥರ ಒಂದೊಂದೇ ಪ್ರಶ್ನೆ ಹಾಕಿ ನಿಜ ಬಾಯಿ ಬಿಡಿಸಿದ್ದೇನೆ. ಹಾಗೆ ಸಿಕ್ಕಿಬಿದ್ದ ಮಕ್ಕಳಿಗೆ ಒಳಗೊಳಗೇ ಎಷ್ಟು ನೆಮ್ಮದಿಯಾಗುತ್ತದೆ ಎಂದು ಅವತ್ತು ತಿಳಿಯಿತು. ಎಲ್ಲವನ್ನೂ ಹೇಳಿದೆ. ಟಪಾಲಿನವನು, ಕಾಲುವೆ ಏರಿ, ಕೆಸರು, ಆಣೆ, ಒಲೆ, ಕೂಡಿಕೆಯ ಹೆದರಿಕೆ, ಬಳೆ. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಬೆನ್ನು ತಿರುಗಿಸಿ ನಿಲ್ಲಬೇಕೆಂಬ ನಿಯಮ ನನಗೆ ಉಪಕಾರವೇ ಮಾಡಿತು.

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಮೂವತ್ತನಾಲ್ಕು ವರ್ಷ ಮುಚ್ಚಿಟ್ಟೆಯಲ್ಲ ಎಂದು ಬಯ್ಯುತ್ತಾನೆ, ಅಥವಾ, ಹಾಗಾದರೆ ಇನ್ನು ಮನೆಯಲ್ಲೇ ಎಡೆ ಇಡಬಹುದಲ್ಲ ಎಂದು ಹಗುರಾಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಫೋನು ಗುರುಗುಟ್ಟಿ ನಿಂತಿತು. ಊರಿನಲ್ಲಿ ತಮ್ಮ ಬಾಗಿಲು ತೆಗೆದಿದ್ದ. ಇನ್ನು ತಿರುಗಿ ಎಲೆ ಎತ್ತಬೇಕು. ಅಪ್ಪ ಅಲುಗಲಿಲ್ಲ.

"ಆವಾಗ ನಮ್ಮನೇಲಿ ಅನ್ನೆಲ್ಡು ಜನ" ಎಂದ, ಸಮುದ್ರವನ್ನೇ ನೋಡುತ್ತ. "ಇದ್ದಿದ್ದು ಒಂದೇ ಪಡಸಾಲೆ. ಎಲ್ರೂ ಅಲ್ಲೇ ಮನಿಕ್ಕೊಳದು. ನಾನ್ ಅವಳ್ ಮಗ್ಗುಲಲ್ಲೇ ಮಲಗ್ತಿದ್ದೆ. ಗದ್ದೇಗೋದ್ರೆ ಜೊತೇಲಿ ಓರಗಿತ್ತೀರು, ನೀರ್ಗೋದ್ರೆ ಜೊತೇಲಿ ಊರ್ ಎಂಗಸ್ರು. ಕಣ್ಣಲ್ಲಿ ಒಂದ್ ಅನಿ ಕಂಡಿದ್ರೂ ಯಾಕಮ್ಮಿ ಅಂತ ಕೇಳೋರು. ನಾನೂ ಒಂದಿನ ನೋಡ್ನಿಲ್ಲ."

ನಾನು ಫೋನನ್ನು ಚೀಲಕ್ಕೆ ಹಾಕಿದೆ.

"ಅಂಗಾರೆ ಅವ್ವ ಅಳೋಕೆ ಎಲ್ಲಿಗೋಯ್ತಿದ್ಲವ್ವ?"

ಇಷ್ಟು ವರ್ಷ ಆ ಗುಟ್ಟನ್ನು ಇಟ್ಟುಕೊಂಡಿದ್ದ ನನಗೆ ಆ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.